ಎರವಲು ತಂದ ಕೂಗು

ದೇವರೊಡನೆ ಮಾತಾಡುವಾಗ ಮನುಷ್ಯರು ಸ್ವರ ಬದಲಿಸಿಕೊಳ್ಳುವುದನ್ನು ನೀವು ಗಮನಿಸಿರಬಹುದು. ಇಲ್ಲವಾದರೆ ಬರುವ ಭಾನುವಾರ ಹೊನ್ನಾವರದ ನಮ್ಮ ಇಗರ್ಜಿಗೆ ಬಂದು ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತುಕೊಳ್ಳಿ. ಬಂದರಿನಲ್ಲಿ ದೋಣಿಯಿಂದ ದೋಣಿಗೆ ಕೇಳುವಂತೆ ಬೈಯುವ ಗಂಡಸು ಇಲ್ಲಿ ನೆಗಡಿಯಾದ ಕರುವಿನಂತೆ ಮೂಗಿನಲ್ಲಿ ಗುನುಗುತ್ತಾನೆ. ಮನೆಯಲ್ಲಿ ಗುಡುಗುವ ನನ್ನ ಅಪ್ಪ ಇಲ್ಲಿಗೆ ಬಂದೊಡನೆ, ಬ್ಯಾಂಕಿನ ಮ್ಯಾನೇಜರರ ಎದುರು ನಿಂತವರಂತೆ, ವಾಕ್ಯದ ಕೊನೆಯ ಎರಡು ಅಕ್ಷರಗಳನ್ನು ನುಂಗಿಬಿಡುತ್ತಾರೆ. ಇವರ ಭಾನುವಾರದ ಸ್ವರವಷ್ಟೇ ಪರಿಚಿತವಾಗಿರುವ ದೇವರು, ಸೋಮವಾರ ಸಂಕಟದಲ್ಲಿ ಕೂಗಿದರೆ ‘ಯಾರಪ್ಪಾ ಇವನು?’ ಎಂದುಬಿಟ್ಟರೆ ಗತಿಯೇನು ಎಂಬುದು ನನ್ನ ಬಹುಕಾಲದ ಆತಂಕ.

ಇಂಥ ನಿರುಪಯುಕ್ತ ಸಂಶೋಧನೆಯೇ ನನ್ನ ಉಪಜೀವನ. ನಾನು, ಅಂದರೆ ಪಾಸ್ಕು, ಭಟ್ಕಳದಿಂದ ಕುಮಟೆಯವರೆಗೆ ಮದುವೆಮನೆಗಳಲ್ಲಿ ಮೈಕು ಹಿಡಿದು, ಬೀಗರನ್ನು ಬೀಗರೆದುರೇ ಅಣಕಿಸಿ, ಊಟದ ಹೊತ್ತಿಗೆ ಕ್ಷಮೆ ಕೇಳುವ ಆಸಾಮಿ. ಭಟ್ಕಳದ ಬಟ್ಟೆಯಂಗಡಿಯ ಸಾಹುಕಾರರ ನವಾಯತಿ ಮಾತು ಬೆರೆತ ಉಪಚಾರ, ಕುಮಟೆಯ ಬಸ್ಸಿನ ಕಂಡಕ್ಟರನ ಕೊರಗು, ಕರ್ಕಿಯ ಬಯಲಾಟದ ರಾಕ್ಷಸನ ಆರ್ಭಟ ಎಲ್ಲವೂ ನನ್ನ ಗಂಟಲಿನ ಬಾಡಿಗೆದಾರರು. ಬಾಡಿಗೆದಾರರು ಹೆಚ್ಚಾಗಿ ಯಜಮಾನನಿಗೇ ಜಾಗವಿಲ್ಲದಂತಾಗಿದೆ. ಒಮ್ಮೆ ಫೋನಿನಲ್ಲಿ ನನ್ನ ಸ್ವಂತ ಸ್ವರ ಕೇಳಿದ ಅಮ್ಮ ‘ರಾಂಗ್ ನಂಬರ್’ ಎಂದು ಇಟ್ಟುಬಿಟ್ಟಳು.

ಈಚೆಗೆ ನಮ್ಮ ಫಾದರ್ ಯುವಕ ಸಂಘಕ್ಕೊಂದು ಹೋಂವರ್ಕ್ ಕೊಟ್ಟರು: ಓಣಿಯಲ್ಲೊಬ್ಬ ಹೀರೋನನ್ನು ಹುಡುಕಬೇಕು, ಸಿಕ್ಕಮೇಲೆ ಅವರಂತಾಗಬೇಕು. ಎರಡನೆಯ ಭಾಗ ಕೇಳಿ ನನಗೆ ಪರಮಾನಂದ. ಅವರಂತಾಗುವುದೇ ನನ್ನ ಕಸುಬಲ್ಲವೇ! ಹುಡುಕುವುದು ಮಾತ್ರ ಕಷ್ಟ. ನಾನು ಕಂಡ ವೀರರೆಂದರೆ ಒಂದೋ ಕಿರೀಟ ಕಟ್ಟಿ ರಂಗಸ್ಥಳದಲ್ಲಿ ಕುಣಿಯುವವರು, ಇಲ್ಲವೇ ಇಗರ್ಜಿಯ ಗೋಡೆಗೂಡುಗಳಲ್ಲಿ ನಿಂತ ಸಂತರು. ಆ ಸಂತರೋ ಎಲ್ಲರೂ ಕಣ್ಣನ್ನು ಮಾಡಿನ ಕಡೆಗೆ ನೆಟ್ಟವರು. ಎದುರಿಗೆ ನಿಂತವನನ್ನು ನೋಡುವವರು ಒಬ್ಬರೂ ಇಲ್ಲ.

ಸಭೆಯ ದಿನ ಉಳಿದವರು ಸೈನಿಕರ, ಕ್ರಿಕೆಟಿಗರ ಹೆಸರು ತಂದರು. ನಾನು ಫಾದರರ ಹೆಸರನ್ನು ಫಾದರರ ಸ್ವರದಲ್ಲೇ ಘೋಷಿಸಿದೆ. ಅವರು ಕಣ್ಣೀರು ಬರುವಷ್ಟು ನಕ್ಕರು. ಚಪ್ಪಾಳೆಯ ರುಚಿ ಹತ್ತಿದ ಬಾಯಿ ಅಲ್ಲಿಗೇ ಮುಚ್ಚುವುದುಂಟೆ? ಉಪಸಂಹಾರಕ್ಕೆಂದು ಮಾದೇವಿಯನ್ನು ಹೊರತೆಗೆದೆ. ಮಾದೇವಿ ಎಂದರೆ ತದಡಿಯಿಂದ ಬೆಳಗಿನ ಟೆಂಪೋದಲ್ಲಿ ಮೀನು ತಂದು ನಮ್ಮ ಓಣಿಯಲ್ಲಿ ಬುಟ್ಟಿ ಹೊತ್ತು ಮಾರುವ ಹೆಂಗಸು.

“ಬಂಗ್ಡೇ ಬಂತ್ರೋ! ಇವತ್ತು ಬಿಟ್ರೆ ನಾಳೆ ಕನಸಲ್ಲೇ ತಿನ್ನೂದು! ಬಂಗ್ಡೇಏಏ...”

ಸಭೆ ಉರುಳಾಡಿ ನಕ್ಕಿತು. ಇಗರ್ಜಿಯ ಪರದೆಗಳನ್ನು ಹೊಲಿದು ತಂದಿದ್ದ ನಮ್ಮ ಓಣಿಯ ದರ್ಜಿ ಫಿಲ್ಲು ಮಾವ್ಶಿ ಬಾಗಿಲಲ್ಲಿ ನಿಂತಿದ್ದಳು. ಅವಳೊಬ್ಬಳು ನಗಲಿಲ್ಲ. ಹೊರಬಂದಾಗ ನನ್ನ ತೋಳು ಹಿಡಿದಳು.

“ಪಾಸ್ಕು, ಅದು ಮಾದೇವಿ ಸ್ವರ ಅಲ್ದಾ?”

“ಹೌದು ಮಾವ್ಶಿ. ಹೆಂಗಿತ್ತು?”

“ಚಲೋ ಇತ್ತು ಪುತಾ. ಅವಳ ಹತ್ರ ಈಗ ಅದಿಲ್ಲ. ಲಕ್ವಾ ಹೊಡ್ದು ಮಾತು ಹೋಗ್ಯದೆ. ಉಳ್ಕಂಡದ್ದು ನಿನ್ನ ಗಂಟ್ಲಲ್ಲಿ ಮಾತ್ರ. ನಾಳೆ ಅವಳ ಮನೆಗೆ ಬಂದು ಕೊಟ್ಟು ಹೋಗು.”

ಮಾದೇವಿ ಓಣಿಗೆ ಬರದಿದ್ದುದನ್ನು ನಾನು ಗಮನಿಸಿದ್ದೆ, ನೆಂಟರ ಮನೆಗೆ ಹೋಗಿರಬೇಕೆಂದು ಸುಮ್ಮನಿದ್ದೆ. ಫಿಲ್ಲು ಮಾವ್ಶಿ ಹುಡುಕಿಕೊಂಡು ಹೋಗಿದ್ದಳು. ಇವರಿಬ್ಬರೂ ಗೆಳತಿಯರಾಗಿದ್ದವರಲ್ಲ. ದಿನಾ ಬೆಳಿಗ್ಗೆ ಮೀನಿನ ಕಿವಿರು ಎತ್ತಿ ‘ಇದು ನಿನ್ನ ಮದುವೆ ದಿಬ್ಬಣದ ಕಾಲದ್ದು’ ಎಂದು ಮಾವ್ಶಿ ಹಂಗಿಸುವುದು, ‘ನಿನ್ನ ಮೂಗೇ ಕೊಳೆತದೆ’ ಎಂದು ಮಾದೇವಿ ತಿರುಗಿ ಹೇಳುವುದು, ಓಣಿಗೆ ಅಲಾರಂ ಅದೇ. ಈಗ ಮಾವ್ಶಿ ಮಧ್ಯಾಹ್ನ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ, ನಮ್ಮ ಬಂದರಿನ ಹಿಂದಿರುವ ಮಾದೇವಿಯ ಮನೆಗೆ ಹೋಗಿ, ಮರಗಟ್ಟಿದ ಬಲಗೈಗೆ ಎಣ್ಣೆ ತಿಕ್ಕಿ, ಗಂಜಿ ಕುಡಿಸಿ, ಕುಮಟೆಗೆ ಕೆಲಸಕ್ಕೆ ಹೋದ ಮಗಳು ತಿರುಗಿ ಬರುವವರೆಗೆ ಕೂತಿರುತ್ತಾಳೆ. ಅಭ್ಯಾಸ ಮಾಡಿದರೆ ಮಾತು ಮರಳೀತೆಂದು ಡಾಕ್ಟರು ಹೇಳಿದ್ದರಂತೆ. ಮಾದೇವಿ ಮೊದಮೊದಲು ಪ್ರಯತ್ನಿಸಿದ್ದಳು. ಬಾಯಿಂದ ಹೊರಟ ಮುರುಕು ಶಬ್ದ ಕೇಳಿ ನೆರೆಯ ಮಕ್ಕಳು ಕಿಸಕ್ಕೆಂದಿದ್ದವು. ಅಂದಿನಿಂದ ತುಟಿ ಬಿಗಿದು ಗೋಡೆಯ ಕಡೆ ತಿರುಗಿ ಮಲಗಿದವಳು ಒಂದು ಶಬ್ದವನ್ನೂ ಆಡಿರಲಿಲ್ಲ. ಹೀಗೇ ಬಿಟ್ಟರೆ ಮಾತು ಶಾಶ್ವತವಾಗಿ ಹೋಗಬಹುದೆಂಬುದೇ ಮಾವ್ಶಿಯ ಭಯ.

ಮರುದಿನ ನಾನು ಹೋದಾಗ ಮಾವ್ಶಿ ಮಾದೇವಿಯ ತಲೆ ಬಾಚುತ್ತ ಪ್ರಾರ್ಥಿಸುತ್ತಿದ್ದಳು. ಕಣ್ಣು ಮುಚ್ಚಿರಲಿಲ್ಲ, ಸ್ವರವೂ ಬದಲಾಗಿರಲಿಲ್ಲ. ಮೀನಿನ ದರ ಇಳಿಸಲು ಹಟ ಹಿಡಿಯುವ ಅದೇ ಸ್ವರ. “ದೇವಾ, ಎಷ್ಟು ದಿನ ಕಾಯ್ಸೂದು? ಇವಳ ಬಾಯಿ ಬಿಡ್ಸು. ನಂಗೆ ಜಗಳಾಡೂಕೆ ಜನ ಇಲ್ಲ.” ಆಮೇಲೆ ಹಣೆ, ಎದೆ, ಭುಜಗಳಿಗೆ ಶಿಲುಬೆಯ ಗುರುತು ಮಾಡಿಕೊಂಡು, ಅದೇ ಬೆರಳುಗಳಿಂದ ಭರಣಿಯ ಕುಂಕುಮ ತೆಗೆದು ಮಾದೇವಿಯ ಹಣೆಗೆ ದುಂಡಗೆ ಇಟ್ಟಳು. ತಾನೇ ಇಟ್ಟುಕೊಳ್ಳಲು ಮಾದೇವಿಯ ಬಲಗೈ ಏಳುತ್ತಿರಲಿಲ್ಲವಷ್ಟೆ.

“ಮಾವ್ಶಿ, ಫಾದರ್ ಹುಡುಕೂಕೆ ಹೇಳಿದ ಹೀರೋ ನೀನೇ. ಹೆಸರು ಕೊಡ್ಲಾ?” ಎಂದೆ.

“ಥೋ, ಸುಮ್ನಿರು! ಹೀರೋ ಆದ್ರೆ ಡ್ಯಾನ್ಸ್ ಮಾಡ್ಬೇಕು, ನನ್ನ ಮಂಡಿ ಮಡಚೂದಿಲ್ಲ. ಯೇಸು ನಡೆದ ದಾರೀಲಿ ಹೋಗು ಅಂತ ಫಾದರ್ ಅಂದ್ರು. ಆ ದಾರಿ ಇವಳ ಮನೆ ಮುಂದೇ ಹೋಗ್ತದೆ, ನಾನೆಂತ ಮಾಡ್ಲಿ?”

ಅನುಕರಣೆ, ಅನುಸರಣೆ ಎಂಬ ಎರಡು ಪದಗಳ ನಡುವಿನ ಅಂತರ ಒಂದೇ ಅಕ್ಷರದ್ದೆಂದು ಶಾಲೆಯಲ್ಲಿ ಕಲಿತಿದ್ದೆ; ಆ ಒಂದಕ್ಷರದ ಉದ್ದ ಎಷ್ಟೆಂದು ತಿಳಿದದ್ದು ಆ ಮನೆಯ ಹೊಸ್ತಿಲಲ್ಲಿ. ಅನುಕರಿಸುವವನು ಕೂತಲ್ಲೇ ಕೂತು ಊರವರನ್ನೆಲ್ಲ ತನ್ನ ಬಾಯಿಗೆ ಕರೆಸಿಕೊಳ್ಳುತ್ತಾನೆ. ಅನುಸರಿಸುವವಳು ಎದ್ದು, ಚಪ್ಪಲಿ ಮೆಟ್ಟಿ, ಬಿಸಿಲಿನಲ್ಲಿ ಇನ್ನೊಬ್ಬರ ಮನೆಯವರೆಗೆ ನಡೆಯಬೇಕು.

ಗಂಟಲು ಸರಿಮಾಡಿಕೊಂಡು ಕೂಗಿದೆ. ಇಗರ್ಜಿಯ ಸಭೆಯನ್ನು ಉರುಳಿಸಿದ ಕೂಗು ಆ ಸಣ್ಣ ಕೋಣೆಯಲ್ಲಿ ಅಪಹಾಸ್ಯದಂತೆ ಕೇಳಿಸಿತು. ಮಾದೇವಿ ಗೋಡೆ ಬಿಟ್ಟು ತಿರುಗಲಿಲ್ಲ. ಮರುದಿನವೂ ಕೂಗಿದೆ, ಅದರ ಮರುದಿನವೂ. ಕಿಸಕ್ಕೆಂದ ಮಕ್ಕಳ ಸಾಲಿಗೆ ನಾನೂ ಸೇರಿದೆನೋ ಎಂದು ಬಾಗಿಲ ಕಡೆಗೆ ಸರಿಯುತ್ತಿದ್ದೆ. “ಬೇಡ ಮಾವ್ಶಿ, ಅವಳಿಗೆ ನೋವಾಗ್ತದೆ” ಎಂದರೆ “ನಾಳೆ ಬಾ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಇನ್ನು ಸಾಕು, ಇದೇ ಕೊನೆ ಎಂದು ನಿಶ್ಚಯಿಸಿ, ಕೊನೆಯ ‘ಬಂಗ್ಡೇ’ಯನ್ನು ಮೇಲಕ್ಕೆಳೆದು, ಗಾಳಿಯಲ್ಲಿ ಸುತ್ತಿಸಿ, ಮದುವೆಮನೆಗಳಲ್ಲಿ ಶಿಳ್ಳೆ ಗಿಟ್ಟಿಸುವ ರೀತಿಯಲ್ಲೇ ಇಳಿಸಿದೆ. ಮಾದೇವಿ ತಿರುಗಿದಳು. ತಾಜಾ ಮೀನನ್ನು ಹಳಸಲೆಂದವನನ್ನು ನೋಡುವಂತೆ ನನ್ನನ್ನು ನೋಡಿದಳು. ತುಟಿ ಎಡಕ್ಕೆ ಎಳೆಯಿತು, ಕತ್ತಿನ ನರ ಉಬ್ಬಿತು.

“ಹಂ... ಹಂಗಲ್ಲ.”

ಮಾವ್ಶಿ ಗಂಜಿಯ ಚಮಚ ಕೆಳಗಿಟ್ಟಳು. “ಎಂತ ಅಂದೆ?” ಎಂದು ಜಗಳದ ಸ್ವರದಲ್ಲೇ ಕೇಳಿದಳು, ಕಣ್ಣು ಮಾತ್ರ ತುಂಬಿತ್ತು.

“ಹಂಗಲ್ಲ.” ನಾನು ಸುತ್ತಿಸಿದ ರಾಗವನ್ನು ಮಾದೇವಿ ಎಡಗೈಯಿಂದ ಗಾಳಿಯಲ್ಲೇ ಕತ್ತರಿಸಿ ಹಾಕಿದಳು. “ಬಂ... ಬಂಗ್ಡೆ.”

ಹೌದು, ಅವಳ ಕೂಗು ಮೊಟಕಾಗಿ ನಿಲ್ಲುತ್ತಿತ್ತು. ಆ ಉದ್ದದ ಬಾಲ ಚಪ್ಪಾಳೆಗಾಗಿ ನಾನು ಅಂಟಿಸಿದ್ದು. ಈಗ ಸರಿಯಾಗಿ, ಮೊಟಕಾಗಿ ಕೂಗಿ ತೋರಿಸಿ ಮಾನ ಉಳಿಸಿಕೊಳ್ಳೋಣವೆಂದು ಬಾಯಿ ತೆರೆದೆ. ಮಾವ್ಶಿ ನನ್ನ ಅಂಗಿ ಜಗ್ಗಿ ಕಿವಿಯಲ್ಲಿ ಅಂದಳು: “ಸರಿ ಹೇಳ್ಬೇಡ ಪುತಾ. ಸರಿ ಹೇಳಿದ್ರೆ ಸುಮ್ನಾಗ್ತಾಳೆ.”

ಬದುಕಿನಲ್ಲಿ ಮೊದಲ ಬಾರಿಗೆ, ಬೇಕೆಂದೇ, ಊರಿನ ಯಾವ ಮಗುವೂ ನಗಲಾರದಷ್ಟು ಕೆಟ್ಟದಾಗಿ ಅಣಕಿಸಿದೆ.

“ಹಂಗಲ್ಲ!” ಎಂದಳು ಮಾದೇವಿ, ಈ ಸಲ ತುಸು ಗಟ್ಟಿಯಾಗಿ.