ಮಾವನ ಕೋಣೆಗೆ ಎಳೆದ ತಂತಿ

ಹಿರೇಕೆರೂರಿಗೆ ಸೊಸೆಯಾಗಿ ಬಂದು ಎರಡು ವರ್ಷವಾದರೂ ನಾನು ಮಾವನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ, ಆ ಮನೆಯ ರೀತಿಯೇ ಹಾಗೆ. ಸೊಸೆ ಅತ್ತೆಗೆ ಹೇಳಬೇಕು, ಅತ್ತೆ ಮಾವನಿಗೆ ಮುಟ್ಟಿಸಬೇಕು. ಧಾರವಾಡಕ್ಕೆ ಹೋಗಿ ಒಂದು ವರ್ಷ ಕಂಪ್ಯೂಟರ್ ಕಲಿಯಬೇಕೆಂಬ ನನ್ನ ಆಸೆಯೂ ಅದೇ ದಾರಿ ಹಿಡಿದಿತ್ತು. ಗಂಡ ಹೂಂ ಅಂದಿದ್ದರು. ಮಾವ ಹೂಂ ಅನ್ನದೆ ಆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ಕೇಳಿದಾಗಲೆಲ್ಲ ಅತ್ತೆ, "ನೋಡೂಣು ಅಂದಾರವಾ" ಎನ್ನುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ನನಗೋ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕದ ಕೊನೆ ಅದು. ಮನೆಯ ಮುಂಭಾಗದಲ್ಲಿ ಗಂಡ ನಡೆಸುತ್ತಿದ್ದ ಟೈಪಿಂಗ್ ಶಾಲೆಗೆ ಎರಡು ಹಳೆಯ ಕಂಪ್ಯೂಟರ್ ಬಂದಿದ್ದವು. ಮಾವ ನಿವೃತ್ತ ಗಣಿತ ಮಾಸ್ತರರು. ಕಲಿಯುವವರಿಗಾಗಿ ತಯಾರಾದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿನ ಫ್ಲಾಪಿಗಳನ್ನು ಹಳೆಯ ಶಿಷ್ಯನೊಬ್ಬ ಅವರಿಗೆ ತಂದುಕೊಟ್ಟಿದ್ದ. ಅದರ ಒಳಗಿನ ಪ್ರೋಗ್ರಾಮಿನ ಸಾಲುಗಳನ್ನೆಲ್ಲ ಬಿಚ್ಚಿ ಓದಬಹುದಿತ್ತು. ಮಾವ ಒಂದು ಯಂತ್ರವನ್ನು ತಮ್ಮ ಕೋಣೆಗೆ ಒಯ್ದರು, ಇನ್ನೊಂದು ಪಡಸಾಲೆಯಲ್ಲಿ ನನ್ನ ಪಾಲಿಗೆ ಬಂತು. ಎರಡನ್ನೂ ತಂತಿಯಿಂದ ಜೋಡಿಸಿ ಅಲ್ಲಿಂದಿಲ್ಲಿಗೆ ಅಕ್ಷರ ಕಳಿಸುವ ಹುಚ್ಚು ಅವರಿಗೆ ಹಿಡಿಯಿತು. ಆದರೆ ತಂತಿ ಸಿಕ್ಕಿಸಲು ಯಂತ್ರದ ಬೆನ್ನಿಗಿದ್ದ ಸೀರಿಯಲ್ ಪೋರ್ಟನ್ನು ನಡೆಸುವ ಪುಟ್ಟ ಪ್ರೋಗ್ರಾಮು, ಡ್ರೈವರ್, ಆ ಫ್ಲಾಪಿಗಳಲ್ಲಿ ಇರಲೇ ಇಲ್ಲ.

ಆ ತಂತಿಯ ನಡುವೆ ಅತ್ತೆ ಇರುವುದಿಲ್ಲ ಎಂದು ಹೊಳೆದದ್ದೇ ತಡ, ಹುಚ್ಚು ನನಗೇ ಹೆಚ್ಚಾಯಿತು.

ಡ್ರೈವರ್ ಹುಡುಕಲು ಗಂಡನನ್ನು ಹಾನಗಲ್ಲಿಗೆ ಓಡಿಸಿದೆ, ಅಲ್ಲಿ ಸಿಗಲಿಲ್ಲ. ಶಿಗ್ಗಾಂವಿಯ ರೇಡಿಯೋ ರಿಪೇರಿಯವನು ಫ್ಲಾಪಿಯನ್ನೇ ಕಂಡಿರಲಿಲ್ಲ. ಕೊನೆಗೆ ಸವಣೂರಿನಲ್ಲಿ ಮಾವನ ಇನ್ನೊಬ್ಬ ಶಿಷ್ಯನ ಹತ್ತಿರ ಅದೇ ಸಿಸ್ಟಮ್ಮಿಗೆಂದು ಯಾರೋ ಬರೆದ ಡ್ರೈವರ್ ಸಿಕ್ಕಿತು. ಬಸ್ ಕಂಡಕ್ಟರರ ಕೈಯಲ್ಲಿ ಫ್ಲಾಪಿ ಬಂತು.

ತಂತಿ ಬೆಸೆಯುವ ಕೆಲಸ ನನ್ನದು. ಮಾವ ಕೋಣೆಯಿಂದ ಹೇಳಿ ಕಳಿಸಿದ್ದನ್ನು ಅತ್ತೆ ತಂದು ಒಪ್ಪಿಸಿದರು. "ಎರಡನೇದು, ಮೂರನೇದು ಕೂಡಸಬೇಕಂತ."

"ಎಲ್ಲಿ ಕೂಡಸಬೇಕಂತ್ರಿ, ಅತ್ತಿ?"

"ಅದೆಲ್ಲಾ ನನಗೇನ್ ಗೊತ್ತವಾ? ಕೂಡಸು ಅಂದ್ರ ಕೂಡಸು."

ಎರಡೂ ತುದಿಯ ಪ್ಲಗ್ಗುಗಳಲ್ಲಿ, ಆಯಾ ಪ್ಲಗ್ಗಿನ ಒಳಗೇ, ಎರಡನೆಯ ಪಿನ್ನಿನ ಕಾಲಿಗೆ ಮೂರನೆಯದನ್ನು ಸೇರಿಸಿ ಬೆಸೆದೆ. ಟೈಪ್ ಮಾಡಿದರೆ ನನ್ನ ಅಕ್ಷರಗಳೇ ತಿರುಗಿ ನನ್ನ ಪರದೆಗೆ ಬಂದವು. ಮಾವನಿಗೂ ಅವರವೇ.

"ಡ್ರೈವರ್ ಸರಿ ಇಲ್ಲಂತ. ಬ್ಯಾರೇದು ಹುಡುಕಬೇಕಂತ," ಅತ್ತೆ ಸುದ್ದಿ ತಂದರು.

ಇನ್ನೆಲ್ಲಿ ಹುಡುಕುವುದು, ನನ್ನ ಕರ್ಮ! ಆದರೂ ಒಂದು ಅನುಮಾನ ಕೊರೆಯುತ್ತಿತ್ತು. ಮಾವ ಮಲಗಿದ್ದ ಮಧ್ಯಾಹ್ನ ಅವರ ಕಡೆಯ ತುದಿಯನ್ನು ಕಿತ್ತು ಬಂದು ಟೈಪ್ ಮಾಡಿದೆ. ಆಗಲೂ ನನ್ನ ಅಕ್ಷರಗಳು ಬಂದವು! ಅಂದರೆ ಅವು ಮನೆಯ ಆ ಕಡೆಗೆ ಹೋಗಿಯೇ ಇರಲಿಲ್ಲ. ಒಂದು ಕಾಲು ಕಳಿಸುವುದು, ಒಂದು ಪಡೆಯುವುದು. ನನ್ನ ಬಾಯಿಯನ್ನು ನನ್ನ ಕಿವಿಗೇ ಬೆಸೆದುಕೊಂಡು ಕೂತಿದ್ದೆ. ಈ ಕಡೆಯ ಎರಡನ್ನು ಆ ಕಡೆಯ ಮೂರಕ್ಕೆ ಎಂದೇ ಮಾವ ಹೇಳಿದ್ದಿರಬೇಕು. ಅರ್ಧ ಮಾತು ದಾರಿಯಲ್ಲೇ ಉಳಿದಿತ್ತು. ಡ್ರೈವರ್ ಬಂಗಾರದಂಥದು. ತಂತಿಗಳನ್ನು ಅಡ್ಡಡ್ಡ ಬೆಸೆದು ಸಿಕ್ಕಿಸಿ, ಮಾವ ಎದ್ದು ಯಂತ್ರದ ಮುಂದೆ ಕೂರುವುದನ್ನೇ ಕಾದೆ.

ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತನ್ನೇ ಹೊಡೆದೆ: "ಮಾವಾರ, ನಾ ಧಾರವಾಡಕ್ಕ ಕಲಿಯಾಕ ಹೋಗ್ಲೇನ್ರಿ?"

ಪರದೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: "ನಾ ಹೋಗಲಿ ಅಂದ್ರೂ ನೀನ ಒಲ್ಲೆ ಅಂದೀಯಂತಲ್ಲ?"

ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ನಾ ಹಂಗ ಅಂದಿಲ್ರಿ" ಎಂದು ಹೊಡೆದೆ.

ಒಳಗೆ ಕುರ್ಚಿ ಸರಿದ ಸದ್ದಾಯಿತು. "ತಂಗೀ, ಒಳಗ ಬಾರವಾ," ಮಾವ ಗಟ್ಟಿಯಾಗಿ ಕರೆದರು. "ಯಾವಾಗ ಹೋಗ್ತಿ, ನನಗ ಹೇಳು."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಹಿಟ್ಟಿನ ಕೈಯಲ್ಲೇ ನಿಂತಿದ್ದರು. ಅವರನ್ನು ದಾಟಿ ಕೋಣೆಗೆ ಹೋದೆ.

"ಜೂನದಾಗ ಹೋಗ್ತೇನ್ರಿ," ಎಂದೆ.