ಫಳಫಳಮ್ಮನಿಗೆ ಬದಲಿ ಯಾರು?

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಎರಡನೆಯ ಮಹಡಿಯ ಲಾರಿ ಬುಕಿಂಗ್ ಕಚೇರಿಯ ಬೀಗ ತೆಗೆದು ಫಳಫಳಮ್ಮ ಮೊದಲು ಕಿಟಕಿಗಳನ್ನು ತೆರೆಯುತ್ತಾರೆ. ಮೂರನೆಯದರ ಚಿಲಕಕ್ಕೆ ತುಕ್ಕು ಹಿಡಿದಿದೆ, ಅಂಗೈಯಿಂದ ಎರಡು ಗುದ್ದು ಕೊಡದೆ ಅದು ಜಪ್ಪಯ್ಯ ಅನ್ನುವುದಿಲ್ಲ. ಆಮೇಲೆ ಬಕೆಟ್ಟು, ಸೋಪಿನ ನೀರು. ಹದಿನಾಲ್ಕು ಮೇಜು, ಒಂಬತ್ತು ಫೋನು, ಬಾಗಿಲಿನ ಹಿಡಿಕೆ, ಸ್ವಿಚ್ಚು, ಕುಡಿಯುವ ನೀರಿನ ನಲ್ಲಿ. "ಆಫೀಸಿನವರ ಕೈ ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ನನ್ನ ಕೈನೂ ಹೋಗ್ಬೇಕು. ಎಣಿಸಿದ್ದೀನಿ, ನೂರಾ ಹನ್ನೆರಡು ಜಾಗ," ಎನ್ನುತ್ತಾರೆ.

ಊರಲ್ಲಿ ಫ್ಲೂ ಜ್ವರ ಶುರುವಾಗಿ ಎಂಟು ದಿನವಾಗಿದೆ. ಕೆಳಗಿನ ಮಹಡಿಯ ಕಚೇರಿಯಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿ. ಇಲ್ಲಿ ಇನ್ನೂ ಯಾರೂ ಮಲಗಿಲ್ಲ. ಮ್ಯಾನೇಜರು ಮೇಜುಗಳನ್ನು ದೂರ ಸರಿಸಿದ್ದಾರೆ, ಬಾಗಿಲ ಬಳಿ ಕೈ ತೊಳೆಯುವ ದ್ರವದ ಬಾಟಲಿ ಇರಿಸಿದ್ದಾರೆ, ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ಯಾರಿಗೆ ಜ್ವರ ಬಂದರೂ ಮನೆಯಲ್ಲೇ ಇರಬೇಕು, ಅವರ ಕೆಲಸವನ್ನು ಯಾರು ನೋಡಿಕೊಳ್ಳಬೇಕು ಎಂಬ ವಿವರ ಅದರಲ್ಲಿದೆ. ಹದಿನಾಲ್ಕು ಹೆಸರು, ಎದುರಿಗೆ ಹದಿನಾಲ್ಕು ಬದಲಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವರ ಹೆಸರು ಮಾತ್ರ ಅದರಲ್ಲಿಲ್ಲ. ಇವರು ಏಜೆನ್ಸಿ ಕಡೆಯವರಂತೆ, ಸಿಬ್ಬಂದಿ ಅಲ್ಲವಂತೆ. ಹತ್ತೊಂಬತ್ತು ವರ್ಷ ಒರೆಸಿದ ಮೇಲೂ ಅಲ್ಲವಂತೆ.

ಕಚೇರಿಯಲ್ಲಿ ಇವರನ್ನು ಎಲ್ಲರೂ ಫಳಫಳಮ್ಮ ಎಂದೇ ಕರೆಯುತ್ತಾರೆ. ಆ ಹೆಸರು ಬಂದದ್ದು ಫೋನುಗಳಿಂದ. ಹಳೆಯ ಕರಿ ಫೋನುಗಳು ಇವರ ಕೈಯಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿದ್ದವು. ಅದರ ಗುಟ್ಟನ್ನು ಹೇಳುವಾಗ ಇವರ ದನಿ ಇಳಿಯುತ್ತದೆ. "ಬಾಯಿ ಹತ್ರ ಹಿಡ್ಕೊಂಡು ಹಾ ಅಂತ ಉಸಿರು ಬಿಡೋದು. ಮಂಜು ಕೂತಂಗೆ ಆಗುತ್ತಲ್ಲ, ಆಗ ಒಣ ಬಟ್ಟೇಲಿ ತಿಕ್ಕಿದ್ರೆ ಕನ್ನಡಿ! ನಾನೇ ಕಂಡುಕೊಂಡಿದ್ದು, ಯಾರೂ ಹೇಳಿಕೊಟ್ಟಿದ್ದಲ್ಲ."

ನಾಲ್ಕು ವರ್ಷದ ಹಿಂದೆಯೂ ಹೀಗೆಯೇ ಜ್ವರ ಬಂದಿತ್ತು. ಒಂದು ಬೆಳಿಗ್ಗೆ ಫಳಫಳಮ್ಮನಿಗೆ ಮೈ ಕೆಂಡವಾಗಿತ್ತು. ರಜೆ ಕೇಳಿದರೆ ಏಜೆನ್ಸಿಯ ಸೂಪರ್‌ವೈಸರು, "ಬದಲಿ ಯಾರೂ ಇಲ್ಲ, ಮಾತ್ರೆ ನುಂಗಿ ಹೋಗಮ್ಮ," ಎಂದ. ನುಂಗಿದರು, ಬೆವರಿತು, ಜ್ವರ ಇಳಿಯಿತು. ಜ್ವರ ಇಳಿದರೆ ರೋಗವೂ ಹೋಯಿತೆಂದೇ ತಿಳಿದು ಕೆಲಸಕ್ಕೆ ಬಂದರು. ಮೂರು ದಿನ ಮಾತ್ರೆಯ ಬಲದಲ್ಲೇ ಒಂಬತ್ತೂ ಫೋನಿಗೆ ಹಾ ಎಂದು ಉಸಿರು ಬಿಟ್ಟು ತಿಕ್ಕಿದರು. ಮೊದಲು ತಿಕ್ಕಿದ್ದು ಟಪಾಲು ವಿಭಾಗದ ಅಕ್ಕನ ಫೋನನ್ನು. ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಮುಂಚೆ ಬರುತ್ತಿದ್ದವರು ಅವರೇ. ತಂದ ತಿಂಡಿಯಲ್ಲಿ ಅರ್ಧ ಇವರಿಗೆ ಕೊಟ್ಟೇ ತಿನ್ನುತ್ತಿದ್ದರು.

ಆ ವಾರ ಏಳು ಮಂದಿ ಹಾಸಿಗೆ ಹಿಡಿದರು. ಆರು ಮಂದಿ ಎದ್ದರು. ಟಪಾಲಿನ ಅಕ್ಕ ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

"ನನ್ನ ಉಸಿರಿಂದಲೇ ಬಂತೋ, ಬಸ್ಸಲ್ಲಿ ಬಂತೋ, ಯಾರಿಗೆ ಗೊತ್ತು? ಯಾರೂ ನನ್ನ ಕಡೆ ಬೆರಳು ತೋರಿಸ್ಲಿಲ್ಲ. ತೋರಿಸಿದ್ದಿದ್ರೆ ಬೈದು ಅತ್ತು ಹಗುರ ಮಾಡ್ಕೊತಿದ್ನೇನೋ," ಎನ್ನುತ್ತಾರೆ. ಬಟ್ಟೆ ಹಿಂಡುತ್ತಾ, "ಇದನ್ನೂ ಬರ್ಕೊಳ್ಳಿ. ಬಿಡಬೇಡಿ," ಎಂದು ಸೇರಿಸುತ್ತಾರೆ. ಅಂದಿನಿಂದ ಫೋನು ಒರೆಸುವಾಗ ತುಟಿ ಬಿಗಿಹಿಡಿಯುವುದು ಅಭ್ಯಾಸವಾಗಿಬಿಟ್ಟಿದೆ. ಫೋನುಗಳು ಈಗ ಮೊದಲಿನಷ್ಟು ಹೊಳೆಯುವುದಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಪಟ್ಟಿ ಅಂಟಿಸಿದ ದಿನವೇ ಇವರು ಮ್ಯಾನೇಜರ ಮುಂದೆ ನಿಂತರು. "ಸರ್, ನನಗೆ ಜ್ವರ ಬಂದ್ರೆ?" ಮ್ಯಾನೇಜರು ಕೆಟ್ಟವರಲ್ಲ, ತಲೆಯ ಮೇಲೆ ನೂರೆಂಟು ಹೊತ್ತವರು. "ನಿಮಗೇನಾಗುತ್ತೆ ಬಿಡಿ, ಗಟ್ಟಿ ಜೀವ," ಎಂದು ನಕ್ಕು ಫೋನು ಎತ್ತಿಕೊಂಡರು. ಈ ಗಟ್ಟಿ ಜೀವ ಎಂಬ ಮಾತಿನಷ್ಟು ಅಗ್ಗದ ಹೊಗಳಿಕೆ ಇನ್ನೊಂದಿಲ್ಲ. ಹಾಗೆಂದವರಿಗೆ ರಜೆ ಕೊಡುವ ತಾಪತ್ರಯವಿರುವುದಿಲ್ಲ.

ಒಂಬತ್ತನೆಯ ದಿನದ ಬೆಳಿಗ್ಗೆ ಕಚೇರಿಯ ಕಿಟಕಿಗಳು ತೆರೆದಿಲ್ಲ. ಫಳಫಳಮ್ಮ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದಾರೆ, ಕಣ್ಣು ಕೆಂಪಾಗಿವೆ. ನಸುಕಿನಿಂದಲೇ ಜ್ವರ. ಹೊಲಿಗೆ ಕೆಲಸದ ಮಗಳು, "ಮಾತ್ರೆ ತಗೊಂಡು ಹೋಗಮ್ಮ, ಇರೋ ಕೆಲಸಾನೂ ಹೋಗುತ್ತೆ," ಎಂದು ಅತ್ತಿದ್ದಾಳೆ. ಸೂಪರ್‌ವೈಸರು ಫೋನಿನಲ್ಲಿ, "ಬರದಿದ್ರೆ ನಾಳೆಯಿಂದ ಬೇರೆಯವರನ್ನ ಹಾಕ್ತೀನಿ," ಎಂದಿದ್ದಾನೆ. ಒಂದು ವಾರಕ್ಕೆ ಸಿಗದ ಬದಲಿ, ಕೆಲಸದಿಂದ ತೆಗೆಯಲು ಮಾತ್ರ ತಟ್ಟನೆ ಸಿಕ್ಕಿಬಿಡುತ್ತದೆ. ಇವರು ಮಾತ್ರೆಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದರಂತೆ. ಕೊನೆಗೆ ಅದನ್ನು ಮತ್ತೆ ಡಬ್ಬಿಗೆ ಹಾಕಿ, ಬೀಗದ ಕೈ ತಲುಪಿಸಲೆಂದೇ ನಡೆದು ಬಂದಿದ್ದಾರೆ. ಬಸ್ಸು ಹತ್ತಿಲ್ಲ.

ಮ್ಯಾನೇಜರು ಗಾಡಿಯಲ್ಲಿ ಬಂದು ಇಳಿಯುತ್ತಾರೆ. ಸೋಪಿನ ನೀರಲ್ಲಿ ತೊಳೆದು ಕಾಗದದಲ್ಲಿ ಸುತ್ತಿದ ಬೀಗದ ಕೈ ಗೇಟಿನ ಕಂಬದ ಮೇಲಿದೆ.

"ನೀವು ಬರಲ್ಲ ಅಂದ್ರೆ ಒರೆಸೋರು ಯಾರಮ್ಮ?" ಎಂದು ಅವರು ಈಚೆಯಿಂದ ಕೂಗುತ್ತಾರೆ.

"ಯಾರಾದ್ರೂ ಒರೆಸಿ ಸರ್. ನಾನು ಮಾತ್ರ ಒಳಗೆ ಬರಲ್ಲ," ಎಂದು ಇವರು ಆಚೆಯಿಂದಲೇ ಕೂಗುತ್ತಾರೆ. ಕೂಗಿದ್ದಕ್ಕೆ ಕೆಮ್ಮು ಬಂದು ಗೋಡೆ ಹಿಡಿದು ನಿಲ್ಲುತ್ತಾರೆ. ಮ್ಯಾನೇಜರು ಬೀಗದ ಕೈ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಾರೆ. ಕೆಲಸ ಉಳಿಯುತ್ತದೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಫೋನಿನಲ್ಲಿ ಇವರ ದನಿ ಕೇಳುತ್ತದೆ. ತೆಳ್ಳಗಾಗಿದೆ. ಕೆಲಸದ ಬಗ್ಗೆ ಏಜೆನ್ಸಿಯವರು ಇನ್ನೂ ಏನೂ ಹೇಳಿಲ್ಲ. ಮಗಳು ಅನ್ನದ ತಟ್ಟೆಯನ್ನು ಹೊಸಿಲಲ್ಲಿಟ್ಟು ಹೋಗುತ್ತಾಳೆ. ಕಚೇರಿಯಲ್ಲಿ ಯಾರಾದರೂ ಮಲಗಿದ್ದಾರೆಯೇ ಎಂದು ದಿನಕ್ಕೆರಡು ಸಲ ಯಾರಿಗಾದರೂ ಫೋನು ಮಾಡಿ ವಿಚಾರಿಸುತ್ತಾರೆ. ಇಂದಿನವರೆಗೆ ಯಾರೂ ಇಲ್ಲ.

"ಜ್ವರ ಬಂದಾಗ ಮನೇಲಿ ಬಿದ್ದಿರೋದೂ ಒಂದು ಕೆಲಸಾನೇ," ಎನ್ನುತ್ತಾರೆ. "ಹೋದ ಸಲ ಅದೊಂದನ್ನ ಮಾಡಿರಲಿಲ್ಲ. ಈ ಸಲ ಮಾಡಿದೆ."