ಹಳ್ಳದ ಸೀಮೆ ನಡೆದ ಹುಚ್ಚವ್ವ

ಬೇಸಿಗೆಯಲ್ಲಿ ಒಣಗಿದ ಹಳ್ಳ ನೋಡಿ ಅಲ್ಲಿ ಜಾಗ ಹಿಡಿಯುವವನನ್ನು ದಡ್ಡನೆನ್ನಬೇಡಿ. ಮುಳುಗುವ ಮನೆ ತನ್ನದಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

1853ರ ಬೇಸಿಗೆ. ರೋಣದ ಪೇಟೆ ಹತ್ತಿಯಿಂದ ಉಬ್ಬುತ್ತಿತ್ತು. ವ್ಯಾಪಾರಿ ಅಂದಾನಪ್ಪ ಹತ್ತಿ ತುಂಬಿಡುವ ಹೊಸ ವಖಾರಿಗೆಂದು ಹಳ್ಳದ ಒಣಗಿದ ಕವಲಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಎಬ್ಬಿಸಿದ. ಹಳ್ಳ ಉಕ್ಕಿದಾಗ ಹೆಚ್ಚಿನ ನೀರು ಹೊರಳುತ್ತಿದ್ದುದು ಆ ಕವಲಿನಲ್ಲೇ. ಅದು ಮುಚ್ಚಿದರೆ ನೀರಿಗೆ ಉಳಿಯುವುದು ಕೆಳಗಿನ ಓಣಿ.

ಹುಚ್ಚವ್ವನ ಮನೆ ಆ ಓಣಿಯಲ್ಲಿತ್ತು. ಅರವತ್ತು ದಾಟಿದ ವಿಧವೆ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬೀಜ ಬಿಡಿಸುವುದು ಅವಳ ಕೆಲಸ. ಆ ಹತ್ತಿಯೂ ಅಂದಾನಪ್ಪನದೇ. ಆದರೂ ಹೋಗಿ ಗೋಡೆಯ ಮುಂದೆ ನಿಂತಳು.

“ಸಾವಕಾರ್ರ, ಇದನ್ನ ಇಳಸ್ರಿ. ನಾ ಹುಡುಗಿದ್ದಾಗ ಇಲ್ಲಿ ಎದಿಮಟ ನೀರ ಹರದಾವು. ನಮ್ಮ ತಂಗಿ ಅದರಾಗ ಹೋದ್ಲು.”

“ಇಷ್ಟ ವರ್ಷಕ್ಕ ಹಳ್ಳ ತನ್ನ ಹಾದಿ ಮರತಿರತೈತಿ ಬಿಡಬೇ.”

“ಮರಿಯಾಕ ಹಳ್ಳಕ್ಕ ನಿಮ್ಮಷ್ಟ ವ್ಯವಹಾರ ಇಲ್ರಿ.”

ಮಾತು ಗೌಡ ಗುರುಸಂಗಪ್ಪನ ಕಟ್ಟೆಗೆ ಹೋಯಿತು. ಹೊಲದ್ದಾಗಲಿ ಹಳ್ಳದ್ದಾಗಲಿ, ಗಡಿಯ ತಕರಾರಿಗೆ ಹಿರಿಯರ ಪದ್ಧತಿ ಇತ್ತು: ಒದ್ದೆ ಬಟ್ಟೆಯಲ್ಲಿ, ಆ ನೆಲದ ಮಣ್ಣನ್ನೇ ತಲೆಯ ಮೇಲೆ ಹೊತ್ತು ಸೀಮೆ ನಡೆದು ತೋರಿಸಬೇಕು. ಐದು ದಿನದೊಳಗೆ ನಡೆದವರಿಗೆ ಕೇಡಾದರೆ ಅವರ ಮಾತು ಸುಳ್ಳು.

“ಖರೇ, ಅದು ಗಂಡಸರ ಕೆಲಸ,” ಎಂದ ಗೌಡ.

“ನೀರ ಬಂದ ದಿವಸ ಗಂಡಸರೆಲ್ಲಾ ತೇಲಿ ಹೊಂಟ ಎತ್ತ ಹಿಡ್ಯಾಕ ಹೋಗಿದ್ರು ಗೌಡ್ರ. ನೀರ ನೋಡಿದಾಕಿ ನಾನು.”

ನಡೆದಳು. ಅಂದು ನೀರು ಮುಟ್ಟಿದ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ. ಓಲೆಕಾರ ಹನುಮಪ್ಪ ಹಿಂದಿನಿಂದ ಸುಣ್ಣದ ಗುರುತು ಹಾಕುತ್ತ ಹೋದ.

ಮೂರನೆಯ ದಿನ ಅವಳಿಗೆ ಜ್ವರ ಬಂತು. ಗೋಡೆ ಇರಲಿ ಎಂದು ಗೌಡ ತೀರ್ಪು ಕೊಟ್ಟ. ತಂಗಿಯನ್ನು ಕಳೆದುಕೊಂಡವಳ ಬಾಯಿಗಿಂತ ಅವಳ ಹಣೆಯ ಬಿಸಿಯೇ ದೊಡ್ಡ ಸಾಕ್ಷಿಯಾಯಿತು. ನಾಚಿಕೆಯ ಮಾತೆಂದರೆ, ಮುಳುಗಬೇಕಾದ ಓಣಿಯವರೂ ತಲೆ ಆಡಿಸಿದರು.

“ಒದ್ದಿ ಸೀರ್ಯಾಗ ಬಿಸಲಾಗ ನಡಸೀರಿ, ಜ್ವರ ಬಂತು,” ಎಂದಳು ಹುಚ್ಚವ್ವ. “ಹಳ್ಳಕ್ಕೇನ ಜ್ವರ ಬಂದಿಲ್ಲಲ್ಲ.”

ಜ್ವರ ಬಿಟ್ಟ ಮೇಲೆ, ಹೆಂಗಸರೆಲ್ಲ ಕೂತು ಹತ್ತಿ ಬಿಡಿಸುವ ಅಂದಾನಪ್ಪನ ಅಂಗಳಕ್ಕೆ ಹೋಗಿ, ತನ್ನ ಸಲಾಕೆಯನ್ನು ಮೂಲೆಗೆ ಒರಗಿಸಿ, ಕೆಲಸಕ್ಕೆ ಕೂರದೆ ನಿಂತಳು. ಪಕ್ಕದ ಕಲ್ಲಿನ ಶೇಖವ್ವ ಪಿಸುಗುಟ್ಟಿದಳು: “ಯಕ್ಕಾ, ಕುಂದರ. ಉಣ್ಣೂದು ಬ್ಯಾಡೇನ?”

“ಮನಿ ತೇಲಿ ಹೋದ ಮ್ಯಾಲ ಎಲ್ಲಿ ಕುಂತ ಉಣ್ಣತಿ?”

ಅದೇ ಓಣಿಯ ಶೇಖವ್ವನಿಗೆ ತೊಟ್ಟಿಲ ಕೂಸಿತ್ತು. ಅವಳೂ ಎದ್ದಳು. ಸಂಜೆಯ ಹೊತ್ತಿಗೆ ಒಂದು ಕಲ್ಲಿನ ಮೇಲೂ ಸಲಾಕೆ ಉರುಳಲಿಲ್ಲ.

ಮಳೆ ಹಿಡಿಯುವ ಮುಂಚೆ ಬಂಡಿಗಳು ಘಟ್ಟ ಇಳಿದು ಕುಮಟೆಯ ಬಂದರು ಸೇರಬೇಕಿತ್ತು. ಬೀಜ ಬಿಡಿಸದ ಹತ್ತಿಯನ್ನು ಅಲ್ಲಿ ಯಾರೂ ಮೂಸುವುದಿಲ್ಲ. ಬಂಡಿಯವರು ದಿನವೂ ಬೈಯತೊಡಗಿದರು. ಆರನೆಯ ದಿನ ಅಂದಾನಪ್ಪ ತಾನೇ ಹುಚ್ಚವ್ವನ ಬಾಗಿಲಿಗೆ ಬಂದ.

“ಒಂದ ಬಾಗಲದಷ್ಟ ಸಂದಿ ಬಿಡತೀನಿ.”

“ತಲಿ ಬಗ್ಗಿಸಿ ಒಳಗ ಬರಾಕ ನೀರ ಬೀಗರೇನ್ರಿ? ನಾ ನಡದಷ್ಟೂ ಬಿಡ್ರಿ.”

ಸುಣ್ಣದ ಗುರುತಿನಿಂದ ಗುರುತಿನವರೆಗೆ ಗೋಡೆ ಬಿತ್ತು. ಕೊನೆಯ ಕಲ್ಲು ಹೊರಗೆ ಹೋಗುವವರೆಗೂ ಅವಳು ಸಲಾಕೆ ಮುಟ್ಟಲಿಲ್ಲ.

ಆ ಮಳೆಗಾಲ ಹಳ್ಳ ಉಕ್ಕಲಿಲ್ಲ. ಅಂದಾನಪ್ಪ ನಕ್ಕ, ತೆರವಾದ ಜಾಗದಲ್ಲಿ ಹತ್ತಿಕಟ್ಟಿಗೆಯ ಹೊರೆಗಳನ್ನು ಒಟ್ಟಿಸಿದ.

“ಎಲ್ಲೈತಿ ಹುಚ್ಚವ್ವ, ನಿನ್ನ ನೀರ?”

“ಹಾದ್ಯಾಗ ಐತ್ರಿ,” ಎಂದು ಅವಳು ಒಂದೊಂದೇ ಹೊರೆ ಎಳೆದು ತಂದು ಅವನ ಅಂಗಳದಲ್ಲಿ ಎಸೆದಳು. ಮರುವರ್ಷವೂ ಅವನು ಒಟ್ಟಿಸಿದ, ಮರುವರ್ಷವೂ ಅವಳು ಎಸೆದಳು. ಆಗ ಹೊರೆಯ ಇನ್ನೊಂದು ತುದಿ ಹಿಡಿಯಲು ಶೇಖವ್ವ ಇದ್ದಳು.